ಪ್ರಾಯೋಜಕರಿಗೆ ಎರಡು ನಿಮಿಷ

ಆ ಸಮ್ಮೇಳನಕ್ಕೆ ನಾನು ಪ್ರಾಯೋಜಕನಾದದ್ದು ಬರೀ ಜಂಬಕ್ಕೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಜಿಲ್ಲೆಯಲ್ಲಿ ವೆಬ್‌ಸೈಟ್ ಮಾಡುವವರು, ಬ್ಲಾಗ್ ಬರೆಯುವವರು, ಆನ್‌ಲೈನಿನಲ್ಲಿ ಸರಕು ಮಾರುವವರು ಬಾಗಲಕೋಟೆಯಲ್ಲಿ ಒಂದು ದಿನ ಕೂಡೋಣ ಎಂದಾಗ, ಹುನಗುಂದದ ಬಸ್‌ಸ್ಟ್ಯಾಂಡಿನ ಹತ್ತಿರ ಲಗ್ನಪತ್ರಿಕೆ ಅಚ್ಚು ಹಾಕುತ್ತಲೇ ವೆಬ್‌ಸೈಟಿಗೆ ಬಡ್ತಿ ಪಡೆದಿದ್ದ ನನಗೆ ಸುಮ್ಮನಿರಲು ಆಗಲಿಲ್ಲ. ಎಲ್ಲರಿಗಿಂತ ಸಣ್ಣ ದರ್ಜೆಯ ಪ್ರಾಯೋಜಕ ನಾನು. ಆದರೂ ವೇದಿಕೆಯ ಪಕ್ಕದಲ್ಲಿ ನನ್ನ ಅಂಗಡಿಯ ಬೋರ್ಡು, ನನಗೆ ಬೇಕಾದವರಿಗೆ ಕೊಡಲು ಪಾಸುಗಳು, ಊಟದ ನಂತರ ನನ್ನ ಕೆಲಸದ ಬಗ್ಗೆ ಎರಡು ನಿಮಿಷ ಮಾತು ಸಿಗುತ್ತಿತ್ತು. ಅದೂ ಸಾಲದೆಂದು ಸ್ವಯಂಸೇವಕನಾಗಿಯೂ ಹೆಸರು ಬರೆಸಿದೆ.

ಪಾಸುಗಳನ್ನು ನನ್ನ ಗಿರಾಕಿಗಳಿಗೇ ಕೊಟ್ಟೆ. ಇಳಕಲ್ಲಿನ ಸೀರೆ ಅಂಗಡಿಯವರು, ಮನೆಯಲ್ಲೇ ಮಗ್ಗ ಇಟ್ಟುಕೊಂಡು ರವಿಕೆಯ ಖಣ ನೇಯುವ ಗುಳೇದಗುಡ್ಡದ ಒಬ್ಬ ಅಕ್ಕ, ಅಮೀನಗಡದಲ್ಲಿ ಕರದಂಟು ಮಿಠಾಯಿ ಮಾಡಿ ಮಾರುವ ಕಾಕಾ, ಒಟ್ಟು ಹನ್ನೊಂದು ಮಂದಿ. ಅವರೆಲ್ಲರ ಸೈಟು ಮಾಡಿದವನು ನಾನು. ಅವರು ಕೂತು ನನ್ನ ಬೋರ್ಡು ನೋಡಲಿ ಎಂಬುದೇ ನನ್ನ ಆಸೆ.

ಆ ಹನ್ನೊಂದು ಸೈಟುಗಳಿಗೂ ನಾನು ಹಾಕಿದ್ದು ಕದ್ದ ಥೀಮು. ಥೀಮು ಎಂದರೆ ಸೈಟಿನ ಸಿದ್ಧ ವಿನ್ಯಾಸ; ಕೊಂಡು ಹಾಕಬೇಕಾದದ್ದು. ಅದನ್ನು ಬೀಗ ಒಡೆದು ಪುಕ್ಕಟೆ ಹಂಚುವ ಜಾಗಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ. ಹಾಗೆ ಹಂಚುವವರು ಒಳಗೆ ಏನೋ ಒಂದು ಬಚ್ಚಿಟ್ಟೇ ಕೊಡುತ್ತಾರೆಂದು ನನಗೆ ಗೊತ್ತಿತ್ತು. ಗಿರಾಕಿಗಳಿಗೆ ಮಾತ್ರ ಖರೀದಿ ಮಾಡಿದ್ದೇನೆ ಎಂದಿದ್ದೆ.

ಸಮ್ಮೇಳನಕ್ಕೆ ಎರಡು ತಿಂಗಳ ಮೊದಲು ಕಾಕಾ ಫೋನ್ ಮಾಡಿ, "ತಮ್ಮಾ, ಪುಣೇದ ಗಿರಾಕಿ ಒಬ್ಬಾಂವ ಹೇಳಾಕತ್ತಾನ, ಕರದಂಟು ಅಂತ ಒತ್ತಿದ್ರ ಇಸ್ಪೀಟ್ ಆಟ ಬರ್ತೈತಂತ. ಏನಿದು?" ಎಂದಿದ್ದರು.

"ಅವರ ಫೋನಿನ್ಯಾಗ ವೈರಸ್ ಇರಬೇಕ್ರಿ ಕಾಕಾ," ಎಂದೆ. ನಾಲಿಗೆ ಒಂಚೂರೂ ತಡವರಿಸಲಿಲ್ಲ. ಸರಿ ಮಾಡಬೇಕು, ಸೀಸನ್ ಮುಗಿಯಲಿ, ಹಬ್ಬ ಮುಗಿಯಲಿ ಎಂದುಕೊಳ್ಳುತ್ತ ಎರಡು ತಿಂಗಳು ಕಳೆದೆ.

ಸಮ್ಮೇಳನದ ಹಿಂದಿನ ಸಂಜೆ ಬಾದಾಮಿಯಿಂದ, ಗುಹೆ ನೋಡಲೆಂದು ಅಲ್ಲೇ ಇಳಿದಿದ್ದ ಭಾಷಣಕಾರರೊಬ್ಬರನ್ನು ಕಾರಿನಲ್ಲಿ ಕರೆತರುವ ಕೆಲಸ ನನ್ನ ಪಾಲಿಗೆ ಬಂತು. ಮೈಸೂರಿನ ಹೆಣ್ಣುಮಗಳು, ವೆಬ್‌ಸೈಟ್ ಸುರಕ್ಷತೆಯಲ್ಲಿ ಪಳಗಿದವರು. ನಾಳೆ ಏನು ಹೇಳುತ್ತೀರಿ ಎಂದು ಮಾತಿಗೆ ಕೇಳಿದೆ.

"ಹೇಳೋದಕ್ಕಿಂತ ತೋರಿಸೋದು ಒಳ್ಳೇದು ಅಲ್ವಾ? ಕೂತಿರೋರಲ್ಲೇ ಒಬ್ಬರ ಸೈಟ್ ತೆಗೆದು ಎಲ್ಲರ ಮುಂದೆ ಪರೀಕ್ಷೆ ಮಾಡ್ತೀನಿ," ಎಂದರು.

ಅಲ್ಲಿಂದ ಬಾಗಲಕೋಟೆಯವರೆಗೆ ಅವರು ಬಾದಾಮಿಯ ಗುಹೆಗಳ ಬಗ್ಗೆ ಕೇಳಿದರು, ಜೋಳದ ರೊಟ್ಟಿಯ ಬಗ್ಗೆ ಕೇಳಿದರು. ನಾನು ಏನು ಉತ್ತರ ಕೊಟ್ಟೆನೋ ದೇವರಿಗೇ ಗೊತ್ತು. ಸೈಟುಗಳನ್ನು ಬಂದ್ ಮಾಡಿದರೆ ಹನ್ನೊಂದು ಮಂದಿಯೂ ಯಾಕೆಂದು ಕೇಳುತ್ತಾರೆ. ಬಿಟ್ಟರೆ ನಾಳೆ ಯಾರದು ಸಿಕ್ಕುತ್ತದೋ. ಈ ಊರುಗಳಲ್ಲಿ ಒಬ್ಬ ಗಿರಾಕಿ ಮೋಸ ಎಂದರೆ ಸಾಕು, ಆ ಮಾತು ಮರುದಿನವೇ ಎಲ್ಲ ಅಂಗಡಿ ಮುಟ್ಟುತ್ತದೆ. ನನ್ನ ಹೊಟ್ಟೆಪಾಡು ಅವರ ನಂಬಿಕೆಯ ಮೇಲಿತ್ತು.

ಬೆಳಗ್ಗೆ ಕಾಕಾಗೆ ಫೋನ್ ಹಚ್ಚಿದೆ. "ಗದ್ದಲ ಭಾಳ ಇರ್ತೈತ್ರಿ, ನೀವು ತ್ರಾಸ ತಗೋಬ್ಯಾಡ್ರಿ."

"ಬಸ್ಸಿನ್ಯಾಗ ಕುಂತೇನಲ್ಲೋ ತಮ್ಮಾ. ನಿನ್ನ ಬೋರ್ಡ್ ನೋಡಬೇಕು. ಕೆಲಸಾ ಮಾಡೋ ಮಂದಿಗೆ ಕರದಂಟು ತರಾಕತ್ತೇನಿ."

ಇಷ್ಟು ಒಳ್ಳೆಯತನವನ್ನು ಆ ಹೊತ್ತಿಗೆ ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಅವರ ಮೇಲೇ ಸಿಟ್ಟು ಬಂತು.

ಸಭಾಂಗಣದಲ್ಲಿ ಸ್ವಯಂಸೇವಕರಿಗೆಲ್ಲ ಹಳದಿ ಟೀಶರ್ಟು. ನನ್ನದು ಹೊಟ್ಟೆಯ ಹತ್ತಿರ ಬಿಗಿಯಾಗಿತ್ತು. ಪ್ರಶ್ನೆ ಕೇಳುವವರಿಗೆ ಮೈಕು ಒಯ್ದು ಕೊಡುವ ಕೆಲಸ ನನ್ನದು. ಕಾಕಾ ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದರು. ಅವರ ಪಕ್ಕದಲ್ಲಿ ಗುಳೇದಗುಡ್ಡದ ಅಕ್ಕ, ಹಿಂದೆ ಇಳಕಲ್ಲಿನವರು. ನನ್ನವರೆಲ್ಲ ಒಂದೇ ಕಡೆ ಗುಂಪಾಗಿ ಕೂತು ಬೋರ್ಡಿನ ಕಡೆ ಕೈ ತೋರಿಸುತ್ತಿದ್ದರು.

ಮೈಸೂರಿನ ಭಾಷಣಕಾರರು ವೇದಿಕೆಯಿಂದ ಕೇಳಿದರು: "ಯಾರ ಸೈಟ್ ನೋಡೋಣ?"

ಒಂದೇ ಒಂದು ಕೈ ಮೇಲೆದ್ದಿತು. ಕಾಕಾನದು.

ಮೂರನೇ ಸಾಲಿಗೆ ಎಷ್ಟು ನಿಧಾನ ನಡೆಯಬಹುದೋ ಅಷ್ಟು ನಿಧಾನ ನಡೆದೆ. ನಡೆಯುತ್ತಲೇ ಹೆಬ್ಬೆರಳಿನಿಂದ ಮೈಕಿನ ಸ್ವಿಚ್ಚು ಆರಿಸಿದೆ. ಮೈಕು ಕೆಟ್ಟಿದೆ ಎಂದು ಇನ್ನಾರಾದರೂ ಕೈ ಎತ್ತಲಿ, ಯಾರೋ ಊರು ಕೇರಿ ಗೊತ್ತಿಲ್ಲದವರು ಎತ್ತಲಿ ಎಂದು ಬೇಡಿಕೊಂಡೆ. ಕಾಕಾ ಮೈಕಿಗೆ ಎರಡು ಸಲ ಊದಿ, ಅದನ್ನು ನನ್ನ ಕೈಗೇ ಕೊಟ್ಟು, ಬಸ್ಸಿನವರಿಗೆ ಕರದಂಟು ಕೂಗಿ ಮಾರಿ ರೂಢಿಯಾದ ಗಂಟಲಿನಲ್ಲಿ ಅಂಗಡಿಯ ಹೆಸರು ಹೇಳಿಯೇಬಿಟ್ಟರು.

ಪರದೆಯ ಮೇಲೆ ಸೈಟು ಬಂತು. ಕರದಂಟಿನ ಆ ಫೋಟೋ ನಾನೇ ತೆಗೆದದ್ದು. ಮೈಸೂರಿನವರು ಏನೋ ಒತ್ತಿದರು. ಕೆಂಪು ಸಾಲುಗಳು ಒಂದರ ಕೆಳಗೊಂದು ಇಳಿದವು.

"ಇದು ಕದ್ದ ಥೀಮ್. ಒಳಗಡೆ ಬೇರೆ ಯಾರದೋ ಕೋಡ್ ಇದೆ. ಬಂದವರನ್ನ ಜೂಜಿನ ಸೈಟ್‌ಗೆ ಕಳಿಸ್ತಿದೆ. ಆರ್ಡರ್ ಮಾಡೋವಾಗ ಬರೆಯೋದನ್ನೂ ಓದ್ತಿರಬಹುದು," ಎಂದು ಅವರು ಮೆಲ್ಲಗೆ ಹೇಳಿದರು. "ಸರ್, ಯಾರು ಮಾಡಿಕೊಟ್ಟಿದ್ದು?"

ಕಾಕಾ ತಿರುಗಿ ನನ್ನನ್ನು ನೋಡಿದರು. ನಾನು ಒಂದು ಮಾರು ದೂರದಲ್ಲಿ ಮೈಕು ಹಿಡಿದು ನಿಂತಿದ್ದೆ. ನನ್ನ ಮುಖದಲ್ಲಿ ಏನಿತ್ತೋ, ಅದನ್ನು ಅವರು ಪೂರ್ತಿ ಓದಿದರು.

"ಹುಬ್ಬಳ್ಳ್ಯಾಗ ಯಾರೋ ಒಬ್ಬಾಂವ ಮಾಡಿಕೊಟ್ಟಿದ್ದರಿ. ಈಗ ಅಂವ ಇಲ್ಲ," ಎಂದರು.

ಬೆಲ್ಲ ಸರಿ ಕೂಡದಿದ್ದರೆ "ಇವತ್ತಿಂದು ಒಯ್ಯಬ್ಯಾಡ್ರಿ" ಎಂದು ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವ ಮನುಷ್ಯ ಅವರು. ಲಿಂಗಪೂಜೆ ಆಗದೆ ನೀರು ಮುಟ್ಟದವರು. ಅವರ ಬಾಯಲ್ಲಿ ಸುಳ್ಳು ನಾನು ಕೇಳಿದ್ದು ಅದೇ ಮೊದಲು. ಬಚಾವಾದೆ ಎಂದು ಮನಸ್ಸು ಹೇಳಿತು.

ಊಟದ ಸಾಲಿನಲ್ಲಿ ಅವರು ನನ್ನ ಹಿಂದೆ ಬಂದು ನಿಂತರು. ತಾಟಿನ ಕಡೆ ನೋಡುತ್ತಲೇ ಕೇಳಿದರು.

"ಉಳಿದವರದ್ದೂ ಹಂಗಽ ಐತೇನು?"

ಹೂಂ ಎಂದು ಗೋಣು ಹಾಕಿದೆ.

"ನಂದು ಬಿಡು. ಹೇಳಿದ್ದು ಹೇಳಿ ಆತು. ಉಳಿದ ಹತ್ತು ಮಂದಿ ಸೈಟಿನ ಸಲುವಾಗಿ ಸುಳ್ಳು ಹೇಳಾಕ ನನಗ ಆಗೂದಿಲ್ಲ ತಮ್ಮಾ." ಅಷ್ಟು ಹೇಳಿ ರೊಟ್ಟಿ ಹಾಕಿಸಿಕೊಂಡು ಹೋದರು.

ಊಟ ಮುಗಿಯಿತು. ಪ್ರಾಯೋಜಕರನ್ನು ಒಬ್ಬೊಬ್ಬರಾಗಿ ವೇದಿಕೆಗೆ ಕರೆದರು. ನಾನು ಕೊನೆಯವನು. ಕಿಸೆಯಲ್ಲಿ ಬರೆದುಕೊಂಡ ಮಾತು ಇತ್ತು: ಹುನಗುಂದದಿಂದ ಜಗತ್ತಿಗೆ, ಅದು ಇದು. ಮೆಟ್ಟಿಲು ಹತ್ತುವಾಗ ಹಿಂದಿನ ಬಾಗಿಲು ತೆರೆದಿರುವುದು ಕಂಡಿತು. ಓಡಿಹೋಗಬಹುದಿತ್ತು. ಸುಳ್ಳು ಹೇಳುತ್ತಿಲ್ಲ, ಲೆಕ್ಕ ಹಾಕಿ ನೋಡಿದೆ. ಕಾರಿನ ಕೀಲಿ ಕಿಸೆಯಲ್ಲೇ ಇತ್ತು.

"ನನ್ನ ಕಡೆ ಸೈಟು ಮಾಡಿಸಿದವರು ದಯಮಾಡಿ ಕೈ ಎತ್ರಿ," ಎಂದೆ.

ಅವರು ಕೈ ಎತ್ತಿದರು. ನಗುತ್ತ ಎತ್ತಿದರು. ತಮ್ಮನ್ನು ಎಲ್ಲರಿಗೂ ಪರಿಚಯಿಸುತ್ತಾನೆ ಎಂದುಕೊಂಡಿರಬೇಕು. ಗುಳೇದಗುಡ್ಡದ ಅಕ್ಕ ಸೆರಗು ಸರಿಮಾಡಿಕೊಂಡು ಎತ್ತಿದಳು. ಕಾಕಾ ಎತ್ತಿದರು, ಎಲ್ಲರಿಗೂ ಕಾಣುವ ಹಾಗೆ, ಮುಂಜಾನೆಯ ತಮ್ಮ ಮಾತನ್ನು ತಾವೇ ಸುಳ್ಳು ಮಾಡುತ್ತ.

"ಈಗ ಕೈ ಎತ್ತಿದ ಅಷ್ಟೂ ಮಂದಿ ಸೈಟಿನ್ಯಾಗ ಮುಂಜಾನಿ ನೋಡಿದ ಕದ್ದ ಥೀಮೇ ಐತ್ರಿ. ಹಾಕಿದಾಂವ ನಾನು. ಖರೀದಿ ಮಾಡೀನಿ ಅಂತ ಸುಳ್ಳು ಹೇಳಿದ್ದೆ. ಹುಬ್ಬಳ್ಳಿಯಾಂವ ಯಾರೂ ಇಲ್ಲ. ಇವತ್ತಽ ಎಲ್ಲಾ ಬಂದ್ ಮಾಡ್ತೇನಿ, ಹೊಸದಾಗಿ ಕಟ್ಟಿ ಕೊಡ್ತೇನಿ."

ಕೈಗಳು ಒಂದೊಂದಾಗಿ ಇಳಿದವು. ಇಳಕಲ್ಲಿನ ಇಬ್ಬರು ಎದ್ದು ಹೊರಗೆ ಹೋದರು. ಬೈಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ನಾನು ಹೆದರಿದ್ದು ಇದಕ್ಕೇ, ಅದು ಆಗಿಹೋಯಿತು, ಇನ್ನೇನು ಎಂದುಕೊಂಡು ಇಳಿಯಲು ತಿರುಗಿದೆ.

ಅಷ್ಟರಲ್ಲಿ ಗುಳೇದಗುಡ್ಡದ ಅಕ್ಕ ಎದ್ದು ನಿಂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಬದುಕುತ್ತಿದ್ದೆ.

"ಅಣ್ಣಾರ, ನಮ್ಮ ಕಡೆ ಖಣ ತಗೊಂಡ ಹೆಣ್ಮಕ್ಕಳು ಮನಿ ವಿಳಾಸ, ಫೋನ್ ನಂಬರ ಎಲ್ಲಾ ಅದರಾಗ ಬರದಾರ. ನನ್ನ ಮ್ಯಾಲ ಭರೋಸಾ ಇಟ್ಟ ಬರದಾರ. ಅವೆಲ್ಲಾ ಈಗ ಯಾರ ಕೈಯಾಗ ಅದಾವ್ರಿ?"

ಎರಡು ತಿಂಗಳು ನಾನು ಹೆದರಿದ್ದು ನನ್ನ ಹೆಸರಿಗೆ, ನನ್ನ ಅಂಗಡಿಗೆ, ನನ್ನ ಹೊಟ್ಟೆಗೆ. ಆ ಹೆಣ್ಣುಮಕ್ಕಳ ನೆನಪು ಒಂದು ಸಲವೂ ಬಂದಿರಲಿಲ್ಲ. ಆರ್ಡರಿನ ಜೊತೆ ಬರುವ ಅವರ ಹೆಸರುಗಳ ಪಟ್ಟಿ ದಿನಾ ನನ್ನ ಕಣ್ಣ ಮುಂದೆಯೇ ಇರುತ್ತಿತ್ತು.

"ಗೊತ್ತಿಲ್ಲರಿ ಅಕ್ಕಾರ," ಎಂದೆ.

ಅವಳು ಕೂಡಲಿಲ್ಲ. ಉತ್ತರ ಇನ್ನೂ ಬರುವುದಿದೆ ಎಂಬಂತೆ ನನ್ನ ಕಡೆ ನೋಡುತ್ತ ನಿಂತೇ ಇದ್ದಳು.