ಶ್ರಾವಣಕ್ಕೆ ಮುಂದೂಡಿದ ಕರಾರು

ಮದುವೆಯಾದ ಮೊದಲ ಆಷಾಢಕ್ಕೆ ನಾನು ಮಂಡ್ಯದ ಗುತ್ತಲಿನ ತವರಿಗೆ ಬಂದೆ. ಅತ್ತೆ ಸೊಸೆ ಒಂದೇ ಬಾಗಿಲಲ್ಲಿ ಓಡಾಡಬಾರದೆನ್ನುವ ಆ ತಿಂಗಳು ನನ್ನ ಪಾಲಿಗಂತೂ ಹಬ್ಬವೇ. ಗಂಡನ ಊರು ಕೊಪ್ಪದಲ್ಲಿ ಹೊಸ ಸೊಸೆಯೆಂದು ತಗ್ಗಿಸಿಕೊಂಡಿದ್ದ ತಲೆಯನ್ನು ಎತ್ತಿ, ಅಜ್ಜಿಯ ಪಕ್ಕ ಕಾಲು ಚಾಚಿ ಕೂತು, ಬಾಯಿಗೆ ಬಂದದ್ದು ಮಾತಾಡಬಹುದಿತ್ತು.

ಆ ಮನೆ ನಮ್ಮದು. ಅದು ನಿಂತ ನೆಲ ಮಾತ್ರ ಮಳವಳ್ಳಿಯ ಸಾಹುಕಾರರದು. ತಾತ ಕರಾರು ಮಾಡಿಕೊಂಡು ಜಾಗ ಹಿಡಿದು, ತಾನೇ ಮಣ್ಣು ತುಳಿದು ಗೋಡೆ ಎಬ್ಬಿಸಿದ್ದ. ವರ್ಷಕ್ಕೊಮ್ಮೆ ನೆಲಬಾಡಿಗೆ ಕೊಟ್ಟರೆ ಮುಗಿಯಿತು. ಆದರೆ ಕರಾರಿನ ಅವಧಿ ಬರುವ ದೀಪಾವಳಿಗೆ ತೀರುತ್ತಿತ್ತು. ಅಷ್ಟರೊಳಗೆ ಹೊಸ ಪತ್ರ ಆಗದಿದ್ದರೆ ಜಾಗ ಬಿಡಬೇಕು. ಸಕ್ಕರೆ ಕಾರ್ಖಾನೆ ಬಂದಮೇಲೆ ಮಂಡ್ಯದಲ್ಲಿ ಅಂಗೈಯಗಲ ಜಾಗಕ್ಕೂ ಜನ ಮುಗಿಬೀಳುತ್ತಿದ್ದರು. ಸ್ಕೂಲ್ ಮೇಷ್ಟ್ರಾಗಿದ್ದ ಅಪ್ಪನಿಗೆ ಅದೇ ಚಿಂತೆ.

ಒಂದು ಬೆಳಿಗ್ಗೆ ಸಾಹುಕಾರರು ತಾವಾಗಿಯೇ ಬಂದರು. ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದರು.

"ಛಾಪಾಕಾಗದ ತಂದಿವ್ನಿ ಮೇಷ್ಟ್ರೇ. ನಡೀರಿ, ಇವತ್ತೇ ಕರಾರು ಮುಂದಕ್ಕೆ ಬರ್ಸಿಬುಡಾನ" ಎಂದರು.

ಅಪ್ಪ ಒಳಗೆ ಓಡಿ ಕೋಟು ಹಾಕಿಕೊಂಡರು. ಅಷ್ಟರಲ್ಲಿ ಅಜ್ಜಿ ಬಾಗಿಲಿಗೆ ಬಂದಳು.

"ಆಸಾಡ್ದಲ್ಲಿ ಮನೆ ಇಚಾರ ಬ್ಯಾಡಿ ಬುದ್ದಿ. ಸ್ರಾವಣ ಉಟ್ಲಿ, ನಾನೇ ಕಾಯಿ ಕೊಟ್ಟು ಮಗನ್ನ ಕಳುಸ್ತೀನಿ."

"ಒಸಾ ಮನೆ ಕಟ್ತೀರೇನವ್ವ? ಇರೋ ಮನೆಗ್ಯಾವ ಆಸಾಡ!"

"ಇರೋ ಮನೆ ಅಂತ್ಲೇ ಬುದ್ದಿ ನಾನು ಯೋಳ್ತಿರೋದು. ನನ್ ಯಜಮಾನ ಕಟ್ಟಿದ್ದು."

ಸಾಹುಕಾರರು ಅಪ್ಪನ ಮುಖ ನೋಡಿದರು. ಅಪ್ಪ ಅಜ್ಜಿಯ ಮುಖ ನೋಡಿ, ಕೋಟು ಬಿಚ್ಚಿ ಗೂಟಕ್ಕೆ ಸಿಕ್ಕಿಸಿದರು. ಆ ಗೂಟ ನೆನೆದರೆ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ. ಹಾಕಿಕೊಂಡವರು ಹಾಗೇ ಮೆಟ್ಟಿಲಿಳಿದು ಹೋಗಿದ್ದರೆ ಅಜ್ಜಿ ಒಂದು ಹೊತ್ತು ಊಟ ಬಿಟ್ಟು ಮುನಿಸಿಕೊಳ್ಳುತ್ತಿದ್ದಳು, ಅಷ್ಟೇ.

ಶ್ರಾವಣದ ಮೊದಲ ಸೋಮವಾರ ಅಪ್ಪ ಎಲೆ, ಅಡಿಕೆ, ಕಾಯಿ ಹಿಡಿದು ಮಳವಳ್ಳಿಗೆ ಹೋದರು. ಅಷ್ಟರಲ್ಲಿ ಸಾಹುಕಾರರ ಮನೆಯಲ್ಲಿ ಅಣ್ಣತಮ್ಮಂದಿರು ಭಾಗವಾಗಿದ್ದರು. ಮನೆ ಒಡೆಯುವುದಕ್ಕೆ ಅವರಿಗೆ ಯಾವ ಆಷಾಢವೂ ಅಡ್ಡ ಬಂದಿರಲಿಲ್ಲ. ನಮ್ಮ ಜಾಗ ತಮ್ಮನ ಪಾಲಿಗೆ ಹೋಗಿತ್ತು.

"ಅಣ್ಣ ಆಡಿದ್ದು ಅಣ್ಣನ ಮಾತು. ಅಲ್ಲಿ ನಾನು ಬೆಲ್ಲದ ಮಂಡಿ ಆಕ್ಬೇಕು. ದೀಪಾವಳಿಗೆ ಬುಟ್ಕೊಡಿ ಮೇಷ್ಟ್ರೇ" ಎಂದನಂತೆ ಆ ತಮ್ಮ. ಸಾಹುಕಾರರು ಅಲ್ಲೇ ಕಂಬಕ್ಕೊರಗಿ ಕೂತಿದ್ದರಂತೆ. ತಲೆ ಎತ್ತಲಿಲ್ಲವಂತೆ.

ಕರಾರಿನಂತೆ ನೆಲ ಬಿಟ್ಟು ಉಳಿದದ್ದನ್ನು ನಾವು ಕಿತ್ತುಕೊಂಡು ಹೋಗಬಹುದಿತ್ತು. ಹೆಂಚು, ತೊಲೆಗಳನ್ನು ಮಾರಿದರು. ಮುಂಬಾಗಿಲನ್ನು ಮಾತ್ರ ಹೊಸ್ತಿಲ ಸಮೇತ ಎತ್ತಿನ ಗಾಡಿಗೆ ಹೇರಿಕೊಂಡು ಹತ್ತಿರದ ಹನಕೆರೆಯ ಒಂದು ಬಾಡಿಗೆ ಮನೆಗೆ ಹೋದರು. ಮಂಡ್ಯದ ಬಾಡಿಗೆಗಳು ಅಪ್ಪನ ಕೈಗೆಟುಕುತ್ತಿರಲಿಲ್ಲ. ಹನಕೆರೆಯಿಂದ ರೈಲಿನಲ್ಲಿ ಸ್ಕೂಲಿಗೆ ಬರುತ್ತಿದ್ದರು.

ಅಳಿಯನ ಮೊದಲ ದೀಪಾವಳಿಗೆ ನಾವಿಬ್ಬರೂ ಹೋದದ್ದು ಆ ಬಾಡಿಗೆ ಮನೆಗೆ. ಅದಕ್ಕೆ ಅದರದೇ ಬಾಗಿಲಿತ್ತು. ನಮ್ಮ ಬಾಗಿಲು ಹಿತ್ತಲಲ್ಲಿ ಗೋಡೆಗೆ ಒರಗಿ ನಿಂತಿತ್ತು. ಬೆಳಕು ಹರಿಯುವ ಮುಂಚೆ ನಾನು ಎದ್ದು ಹೋದರೆ, ಅಜ್ಜಿ ಅದರ ಹೊಸ್ತಿಲಿಗೆ ಅರಿಶಿನ ಬಳಿಯುತ್ತಿದ್ದಳು. ಅಪ್ಪ ಹಂಡೆಯ ಒಲೆಗೆ ಸೌದೆ ಒಟ್ಟುತ್ತಿದ್ದರು.

"ಒಂದ್ಸಲ ಬಯ್ದ್ಬುಡು ಕಣ್ ಮಗ" ಎಂದಳು ಅಜ್ಜಿ, ತಿರುಗದೆ. "ನಿನ್ನಿಂದ್ಲೇ ಮನೆ ಓಯ್ತು ಅಂತ ಅಂದ್ಬುಡು."

"ಏಳವ್ವ, ನೀರು ಕಾದದೆ. ಅಳಿಯಂಗೆ ಎಣ್ಣೆ ಒತ್ತೋಗು" ಎಂದರು ಅಪ್ಪ.

ಅವತ್ತೂ ಬಯ್ಯಲಿಲ್ಲ, ಆಮೇಲೂ ಬಯ್ಯಲಿಲ್ಲ. ನೆಂಟರೆಲ್ಲ ಅಪ್ಪನದು ದೊಡ್ಡ ಗುಣ ಎಂದು ಹೊಗಳಿದರು. ನನಗೋ ಅಪ್ಪನ ಮೇಲೆ ಸಿಟ್ಟು. ಬಯ್ದಿದ್ದರೆ ಅಜ್ಜಿ ಅತ್ತು ಹಗುರಾಗುತ್ತಿದ್ದಳು. ಪಾಪ, ಅದಕ್ಕೆ ಕಾದು ಕಾದು ಮಾತೇ ಕಡಿಮೆ ಮಾಡಿದಳು.

ಮಾರನೆಯ ವರ್ಷ ನನ್ನನ್ನು ಹೆರಿಗೆಗೆ ಕರೆದೊಯ್ಯಲು ಅಪ್ಪ ಕೊಪ್ಪಕ್ಕೆ ಬಂದರು. ಯಾವತ್ತು ಹೊರಟರೆ ಒಳ್ಳೆಯದಂತೆ, ಅಜ್ಜಿ ಏನು ಹೇಳಿದಳು ಎಂದು ಕೇಳಿದೆ.

"ಅವ್ವ ಈಗ ದಿನ ಯೋಳಾಕಿಲ್ಲ ಕಣವ್ವ" ಎಂದು ಅಪ್ಪ ಕೋಟು ಹಾಕಿಕೊಂಡರು.