ಕುಂಕುಮಕ್ಕೆ ಕರೆದು ಡಬ್ಬಿ ಮಾರಿದ ಕಾಲ

ಏಳನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕುಗಳಲ್ಲಿ ಡಿಗ್ರಿ ಮುಗಿಸಿದ ಹೆಂಗಸರಿಗೂ ಪಾಠ ಹೇಳಿದ್ದೇನೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಮಾರುವ ಕಂಪನಿಯೊಂದು ಈ ಭಾಗದ ಜವಾಬ್ದಾರಿಯನ್ನು ನನಗೆ ಕೊಟ್ಟಿತ್ತು. ಆ ಡಬ್ಬಿಗಳು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಒಬ್ಬರ ಮನೆಯಲ್ಲಿ ಹತ್ತು ಹೆಂಗಸರು ಸೇರಬೇಕು, ನಮ್ಮ ಮಾರಾಟದವಳು ಡಬ್ಬಿಯ ಚೀಲ ಬಿಚ್ಚಿ ತೋರಿಸಬೇಕು, ಅಲ್ಲೇ ಆರ್ಡರ್ ಬರೆದುಕೊಳ್ಳಬೇಕು. ಇದಕ್ಕೆ ಪಾರ್ಟಿ ಎನ್ನುತ್ತಿದ್ದರು. ಹೊಸದಾಗಿ ಸೇರಿದವಳು ಮೊದಲ ತಿಂಗಳಲ್ಲೇ ಕಾಲೂರುವಂತೆ ಮಾಡುವುದು ನನ್ನ ಕೆಲಸ. ಮೊದಲ ಪಾರ್ಟಿ ಕೆಟ್ಟಿತೋ, ಚೀಲ ಅಟ್ಟ ಸೇರಿತು ಅಂತಲೇ ಲೆಕ್ಕ.

ಇಷ್ಟಾದರೂ ಆಗಿನ ತನಕ ಒಂದು ಪಾರ್ಟಿಯನ್ನೂ ನಾನು ಕಣ್ಣಾರೆ ಕಂಡಿರಲಿಲ್ಲ. ಗಂಡಸು ನೋಡಿ. ಚೀಲ ಹೊತ್ತು ತಂದುಕೊಟ್ಟು ಜಗಲಿಯಲ್ಲಿ ಕೂರುತ್ತಿದ್ದೆ. ಒಳಗಿನ ನಗು ಕೇಳಿಯೇ ಎಷ್ಟು ಡಬ್ಬಿ ಹೋದೀತು ಎಂದು ಅಂದಾಜು ಮಾಡುತ್ತಿದ್ದೆ. ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತಿತ್ತು.

ಹೊಸಬರಿಗೆ ನಾನು ಹೇಳಿಕೊಡುತ್ತಿದ್ದ ಉಪಾಯ ಒಂದೇ. ಡಬ್ಬಿ ನೋಡಲು ಕರೆದರೆ ಯಾರೂ ಬರುವುದಿಲ್ಲ, ಅರಿಶಿನ ಕುಂಕುಮಕ್ಕೆ ಕರೆಯಿರಿ. ನಮ್ಮ ಕಡೆ ಕುಂಕುಮಕ್ಕೆ ಕರೆದರೆ ಒಲ್ಲೆ ಎನ್ನುವವರಿಲ್ಲ. ಬಂದವರು ಬಟ್ಟಲು ತಮ್ಮ ಮುಂದೆ ಬರುವ ತನಕ ಏಳುವಂತಿಲ್ಲ. ಅಷ್ಟರೊಳಗೆ ಡಬ್ಬಿ ತೋರಿಸಿ ಮುಗಿಸಬೇಕು, ಕುಂಕುಮ ಆದ ಮೇಲೆ ಆರ್ಡರ್ ಪುಸ್ತಕ ತೆಗೆಯಬೇಕು. ಕಂಪನಿಯ ಹುಬ್ಬಳ್ಳಿ ಆಫೀಸಿನ ಸಾಹೇಬರು ಈ ಉಪಾಯವನ್ನು ಮೀಟಿಂಗಿನಲ್ಲಿ ಎಲ್ಲರೆದುರು ಹೊಗಳಿದ್ದರು. ಆ ದಿನ ಶಿರಸಿ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಹಿಗ್ಗಿನಲ್ಲಿ ಅರ್ಧ ದಾರಿ ನಿಂತೇ ಬಂದೆ.

ಒಂದು ಬೇಸಿಗೆಯಲ್ಲಿ ಹೆಗ್ಗರಣೆ ಕಡೆಯ ಹೆಂಗಸೊಬ್ಬಳು ಸೇರಿದಳು. ಮೂವತ್ತೈದರ ಆಸುಪಾಸು, ಹಣೆಯಲ್ಲಿ ಚಿಕ್ಕ ಕಪ್ಪು ಸ್ಟಿಕರ್. ತವರಿನಲ್ಲಿ ಅಣ್ಣನ ಮನೆಯಲ್ಲಿದ್ದಳು. ಮಗಳು ಜೂನಿಗೆ ಹೈಸ್ಕೂಲು. ಸಿದ್ದಾಪುರದಲ್ಲಿ ಒಂದು ಬಾಡಿಗೆ ಖೋಲಿ ಹಿಡಿದು ಮಗಳ ಜೊತೆ ತಾನೇ ಇರಬೇಕು ಎಂಬುದು ಅವಳ ಆಸೆ.

"ಒಂದು ತಿಂಗ್ಳು ನೋಡು ಹೇಳಿದ್ದ ಅಣ್ಣ. ಆಗ್ದಿದ್ರೆ ಚೀಲ ವಾಪಸ್ ಕೊಟ್ಟು ಮನೇಲೇ ಇರವು," ಎಂದಳು.

ಗಂಡನ ವಿಷಯ ಅವಳು ಎತ್ತಲಿಲ್ಲ, ನಾನು ಕೇಳಲಿಲ್ಲ. ಎಲ್ಲೋ ದೂರದಲ್ಲಿ ಕೆಲಸಕ್ಕಿರಬೇಕು ಎಂದುಕೊಂಡೆ. ಹೊಸಬರ ಪಾಠ ಮುಗಿದು ಎಲ್ಲರೂ ಎದ್ದಾಗ ಅವಳು ಹಿಂದೆ ಉಳಿದು ಕೇಳಿದಳು, "ಅಣ್ಣಾ, ಕುಂಕುಮಕ್ಕೇ ಕರೆಯವಾ?"

"ಕರೀಲೇಬೇಕು ತಂಗಿ. ಇಷ್ಟು ವರ್ಷದ ಅನುಭವ ನಂದು," ಎಂದೆ. ಅವಳು ಚೀಲ ಎತ್ತಿಕೊಂಡು ಹೊರಟಳು.

ಮೊದಲ ಪಾರ್ಟಿ ಹೇರೂರಿನಲ್ಲಿ, ಅವಳ ಶಾಲೆಯ ಗೆಳತಿಯ ಮನೆಯಲ್ಲಿ. ನಾನು ಜಗಲಿಯಲ್ಲಿ ಮನೆಯ ಯಜಮಾನರೊಂದಿಗೆ ಕುಳಿತೆ.

"ಈ ಡಬ್ಬಿ ಬಿದ್ರೂ ಒಡೀತಿಲ್ಯನಾ?"

"ಇಲ್ಲ, ಒಡೆಯೋದಿಲ್ಲ."

"ಹಂಗಾರೆ ನಮ್ಮನೆಗೆ ಅಡ್ಡಿಲ್ಲೆ. ಕವಳ ಹಾಕು ಮಾರಾಯಾ," ಎಂದು ಎಲೆ ಅಡಿಕೆಯ ತಟ್ಟೆ ದೂಡಿದರು.

ಒಳಗೆ ಅವಳು ಡಬ್ಬಿಗೆ ನೀರು ತುಂಬಿ, ಮುಚ್ಚಳ ಒತ್ತಿ, ಅಜ್ಜಿಯೊಬ್ಬರ ಮಡಿಲಿನ ಮೇಲೆ ಬೋರಲು ಹಿಡಿದಿರಬೇಕು. "ಏ ಕೂಸೇ, ಸೀರೆ ಒದ್ದೆ ಮಾಡಡ!" ಎಂಬ ಕೂಗು, ಅದರ ಹಿಂದೆ ದೊಡ್ಡ ನಗು. ಆ ನಗುವಿಗೆ ಪ್ರತಿ ಮನೆಗೂ ಎರಡೆರಡು ಡಬ್ಬಿ ಖಂಡಿತ ಎಂದುಕೊಂಡೆ.

ಆಮೇಲೆ ಬಳೆಯ ಸದ್ದು. ಗೆಳತಿ ಕುಂಕುಮದ ಬಟ್ಟಲು ಹಿಡಿದು ಸಾಲಾಗಿ ಬರುತ್ತಿದ್ದಾಳೆ. ಸದ್ದು ಒಂದು ಕಡೆ ನಿಂತಿತು. ಅದೇ ಅಜ್ಜಿಯ ದನಿ ಕೇಳಿಸಿತು, "ಅವ್ಳಿಗೆ ಬ್ಯಾಡ. ಮುಂದೆ ಹೋಗು."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಊಟಕ್ಕೆ ಕೂತವರು ಅನ್ನ ಸಾಕು ಎನ್ನುತ್ತಾರಲ್ಲ, ಹಾಗಿತ್ತು. ಬಳೆಯ ಸದ್ದು ಮುಂದೆ ಸರಿಯಿತು. ಯಜಮಾನರು ನನ್ನ ಕಡೆ ಬಾಗಿ, "ಪಾಪ, ಗಂಡ ಹೋಗಿ ಎರಡು ವರ್ಷ ಆತು. ನಿಂಗೆ ಗೊತ್ತಿಲ್ಯಾ?" ಎಂದರು.

ಬಂದ ಹೆಂಗಸರು ಕೆಟ್ಟವರಲ್ಲ. ಅವಳ ಮುಖ ನೋಡಲಾಗದೆ ಒಬ್ಬೊಬ್ಬರೇ ಎದ್ದು ಹೋದರು. ಆರ್ಡರ್ ಪುಸ್ತಕ ಚೀಲದಿಂದ ಹೊರಗೇ ಬರಲಿಲ್ಲ.

ಬಸ್ಸಿಗೆ ಕಾಯುತ್ತ ನಿಂತಾಗ ನಾನೇ ಮೊದಲು ಮಾತೆತ್ತಿದೆ, ಅದೂ ಸಿಟ್ಟಿನಿಂದ. "ಮೊದಲೇ ಹೇಳಬೇಕಿತ್ತು ನೀನು."

"ಎಂತ ಹೇಳದು? ಗಂಡ ಇಲ್ಲೆ ಹೇಳಿ ನಾನಾಗೇ ಹೇಳ್ಕಳವಾ?"

"ನನಗೆ ಹೇಗೆ ಗೊತ್ತಾಗಬೇಕು?"

"ಕೇಳಿದ್ರೆ ಗೊತ್ತಾಗ್ತಿತ್ತು ಅಣ್ಣಾ."

ಅವಳು ಕೇಳಿದ್ದ ಆ ಒಂದು ಪ್ರಶ್ನೆಗೆ ನಾನು ನನ್ನ ಅನುಭವದ ಜಂಬ ತೋರಿಸಿದ್ದೆ. ಬಸ್ಸು ಕಾಣಿಸಿದ ಮೇಲೆ ಅವಳೇ ಹೇಳಿದಳು, "ಇನ್ನು ಹತ್ತು ದಿನ ಇದ್ದು. ಒಂದ್ಸಲ ನನ್ನ ನಮೂನಿಲಿ ಮಾಡ್ತೆ. ಹಲಸಿನ ಹಪ್ಪಳ ಹಚ್ಚಕ್ಕೆ ಎಲ್ಲರನ್ನೂ ಕರೀತ. ಅಲ್ಲಿ ಕೈ ಬೇಕು, ಹಣೆ ನೋಡ್ತ್ವಿಲ್ಲೆ."

ಮುಂದಿನ ವಾರ ಮಂಚಿಕೇರಿಯಲ್ಲಿ ಅವಳ ಚಿಕ್ಕಮ್ಮನ ನೆರೆಮನೆಗೆ ಹೋದೆವು. ಕೆಲಸವೆಲ್ಲ ಅಂಗಳದ ಚಪ್ಪರದಡಿ ನಡೆದಿದ್ದರಿಂದ ಮೊದಲ ಸಲ ಎಲ್ಲವೂ ನನ್ನ ಕಣ್ಣೆದುರೇ ಆಯಿತು. ಬಾಳೆಲೆಯ ಮೇಲೆ ಹಿಟ್ಟಿನ ಉಂಡೆ ಇಟ್ಟು ಮಣೆಯಿಂದ ಒತ್ತುವುದು, ಚಾಪೆಯ ಮೇಲೆ ಹರವುವುದು. ಅವಳ ಕೈ ಎಲ್ಲರಿಗಿಂತ ಚುರುಕು. ಆದರೆ ಮಧ್ಯಾಹ್ನವಾದರೂ ಚೀಲದ ಕಡೆ ತಿರುಗಿ ನೋಡಲಿಲ್ಲ. ನಾನು ದೂರದಿಂದ ಸನ್ನೆ ಮಾಡಿದೆ, ಕೆಮ್ಮಿದೆ. ಕೊನೆಗೆ ಒಬ್ಬ ಹೆಂಗಸು ನನ್ನನ್ನೇ ಹಿಡಿದಳು.

"ಚೀಲದ ಅಣ್ಣಾ, ಕೆಮ್ಮತಾ ಕೂತ್ಕಂಬದಕ್ಕಿಂತ ಉಂಡೆ ಕಟ್ಟು ಬಾ!"

ಎಲ್ಲರೂ ನಕ್ಕರು. ಮೂರು ತಾಲೂಕಿಗೆ ಪಾಠ ಹೇಳುವವನು ಕೈಗೆ ಎಣ್ಣೆ ಸವರಿಕೊಂಡು ಉಂಡೆ ಕಟ್ಟಲು ಕುಳಿತೆ. "ಒಂದು ಲಿಂಬೆ, ಒಂದು ತೆಂಗಿನಕಾಯಿ! ಒಂದೇ ನಮೂನಿ ಕಟ್ಟು," ಎಂದು ಬೈಸಿಕೊಂಡೆ.

ಚಹಾದ ಹೊತ್ತಿಗೆ ಮನೆಯೊಡತಿಯೇ ಮಾತು ತೆಗೆದರು. "ಹೋದ ವರ್ಷದ್ದು ಶ್ರಾವಣಕ್ಕೇ ಮೆತ್ತಗಾತು. ಇಷ್ಟು ಕಷ್ಟಪಟ್ಟು ಹಚ್ಚಿ ಎಂತ ಉಪಯೋಗ?"

ಅವಳು ಎದ್ದು ಅಂಗಳದ ಮೂಲೆಯ ನೀರಿನ ಕಲ್ಲುಬಾನಿಗೆ ಕೈ ಹಾಕಿದಳು. ಬೆಳಿಗ್ಗೆ ಬಂದೊಡನೆ, ಮನೆಯಿಂದ ತಂದಿದ್ದ ಸುಟ್ಟ ಹಪ್ಪಳವೊಂದನ್ನು ಡಬ್ಬಿಗೆ ಹಾಕಿ, ಆ ನೀರಿನಲ್ಲಿ ಮುಳುಗಿಸಿ, ಮೇಲೊಂದು ಕಲ್ಲು ಹೇರಿದ್ದಳಂತೆ. ನನಗೂ ಹೇಳಿರಲಿಲ್ಲ. ಡಬ್ಬಿಯನ್ನು ಸೆರಗಿನಿಂದ ಒರೆಸಿ, ಮುಚ್ಚಳ ತೆಗೆದು, ಹಪ್ಪಳ ಮುರಿದಳು. ಪಟ್ ಎಂದಿತು. ಚೂರುಗಳನ್ನು ಎಲ್ಲರ ಕೈಗೆ ಹಂಚಿದಳು. ಎಲ್ಲರೂ ತಿಂದರು.

ಆವತ್ತು ಬರೆಸಿದ್ದು ಐದು ಮನೆಯವರು. ನನ್ನ ಹಳೆಯ ಅಳತೆಗೆ ಅದು ಸಣ್ಣ ಪಾರ್ಟಿ. ಆದರೆ ಅವರಲ್ಲಿ ಮೂವರು, "ನಮ್ಮನೆ ಹಪ್ಪಳಕ್ಕೂ ಬಾರೇ," ಎಂದು ಅವಳನ್ನೇ ಕರೆದರು. ತಿಂಗಳು ಮುಗಿದಾಗ ಅಣ್ಣ ಚೀಲದ ಮಾತೆತ್ತಲಿಲ್ಲವಂತೆ.

ಅಂದಿನಿಂದ ಕುಂಕುಮದ ಉಪಾಯವನ್ನು ನಾನು ಯಾರಿಗೂ ಹೇಳಿಕೊಡಲಿಲ್ಲ. ಹೊಸದಾಗಿ ಬಂದವಳನ್ನು ಪಾಠಕ್ಕೆ ಮೊದಲು ಒಬ್ಬಳನ್ನೇ ಕೂರಿಸಿಕೊಂಡು, ಮನೆಯಲ್ಲಿ ಯಾರು ಯಾರು, ಯಾರ ಮನೆಗೆ ಸಲೀಸಾಗಿ ಹೋಗುತ್ತೀ ಎಂದು ಕೇಳತೊಡಗಿದೆ. ಹುಬ್ಬಳ್ಳಿಯ ಸಾಹೇಬರು, "ಯಾಕ್ರೀ, ನಿಮ್ಮ ಹೊಸಬ್ರು ಭಾಳ ಸಾವಕಾಶ ಶುರು ಮಾಡಾಕ್ಹತ್ಯಾರಲ್ಲ?" ಎಂದು ತರಾಟೆಗೆ ತೆಗೆದುಕೊಂಡರು. ಹೌದ್ರಿ ಎಂದೆ, ಕಾರಣ ಹೇಳಲಿಲ್ಲ. ಅವಳಿಗೂ ತಪ್ಪಾಯಿತು ಎಂದು ನಾನು ಬಾಯಿಬಿಟ್ಟು ಹೇಳಿದ್ದಿಲ್ಲ. ಆ ಮಾತು ನನಗೆ ಬರುವುದಿಲ್ಲ. ಜೂನ್ ಮೊದಲ ವಾರ ಅವಳು ಸಿದ್ದಾಪುರಕ್ಕೆ ಬಂದಾಗ ಬಸ್ ಸ್ಟ್ಯಾಂಡಿನಿಂದ ಅವಳ ಟ್ರಂಕನ್ನು ನಾನೇ ಹೊತ್ತೆ. ಮಗಳು ಹಾಸಿಗೆಯ ಸುರುಳಿ ಹಿಡಿದು ಹಿಂದೆ ಬಂದಳು.

ಖೋಲಿಯ ಮನೆಯೊಡತಿ ಬಾಗಿಲಲ್ಲೇ ನಿಲ್ಲಿಸಿ ಕೇಳಿದರು, "ಮನೆಯವ್ರು ಎಂತ ಮಾಡ್ತ?"

"ಅವ್ರಿಲ್ಲೆ. ಡಬ್ಬಿ ಮಾರ್ತೆ ನಾನು."

ಆಕೆ ಅವಳನ್ನೂ ಮಗಳನ್ನೂ ಒಂದು ಗಳಿಗೆ ನೋಡಿದರು. ನಂತರ ಸೊಂಟದಿಂದ ಕೀಲಿಕೈ ಬಿಚ್ಚಿ ಕೊಟ್ಟು, "ಅಡ್ಡಿಲ್ಲೆ. ನಳದಲ್ಲಿ ನೀರು ಬೆಳಿಗ್ಗೆ ಆರಕ್ಕೆ ಬತ್ತು, ತುಂಬಿಟ್ಕಳವು," ಎಂದರು.