ಹವಳದ ತೊಟ್ಟಿಗೆ ಗಾಳಿ ಹಾಕಿದ ಅತ್ತೆ

ಕಳೆದ ವರ್ಷದ ಬೇಸಿಗೆಯ ಮಾತು. ನಮ್ಮ ವಿಜಯಪುರದ ಬಿಸಿಲು ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಮಧ್ಯಾಹ್ನ ನಲ್ಲಿ ತಿರುವಿದರೆ ಚಹಾಕ್ಕೆ ಇಟ್ಟಂಥ ನೀರೇ ಬರುತ್ತದೆ. ಇಂಥ ಊರಲ್ಲಿ, ಗಾಂಧಿ ಚೌಕದ ಹತ್ತಿರ ಪಾತ್ರೆ ಅಂಗಡಿ ಇಟ್ಟಿರುವ ನಮ್ಮ ಮನೆಯವರಿಗೆ ಸಮುದ್ರ ಸಾಕುವ ಹುಚ್ಚು! ಪಡಸಾಲೆಯಲ್ಲಿ ದೊಡ್ಡ ಗಾಜಿನ ತೊಟ್ಟಿ, ಅದರಲ್ಲಿ ಸಮುದ್ರದ ಉಪ್ಪು ಬೆರೆಸಿದ ನೀರು, ಜೀವಂತ ಹವಳ, ಕಿತ್ತಳೆ ಮೈಯ ಬಿಳಿ ಪಟ್ಟೆಯ ಎರಡು ಮೀನು. ನೀರು ಸದಾ ಇಪ್ಪತ್ತಾರು ಡಿಗ್ರಿಯ ಆಸುಪಾಸಿನಲ್ಲೇ ಇರಬೇಕು. ತೀರಾ ಬಿಸಿಯಾದರೆ ಹವಳ ಬೆಳ್ಳಗಾಗಿ ಸಾಯುತ್ತದೆ, ಥಟ್ಟನೆ ತಣ್ಣಗಾದರೂ ಕಷ್ಟ. ಅದಕ್ಕೆಂದೇ ನೀರು ತಂಪು ಮಾಡುವ ಚಿಲ್ಲರ್ ಯಂತ್ರ ಸದಾ ಗುರ್ ಎನ್ನುತ್ತಿತ್ತು. ನನಗೆ ಜ್ವರ ಬಂದರೆ ಹಣೆ ಮುಟ್ಟಿ ನೋಡಿ ಸುಮ್ಮನಾಗುವ ಮನುಷ್ಯ, ತೊಟ್ಟಿಗೆ ಮಾತ್ರ ಥರ್ಮಾಮೀಟರ್ ಇಟ್ಟಿದ್ದರು.

ಆಗ ನಿಡೋಣಿ ಹಳ್ಳಿಯಿಂದ ನಮ್ಮ ಅತ್ತೆ ಬಂದಿದ್ದರು. ಮಗನ ಈ ಹುಚ್ಚು ಅವರಿಗೆ ಒಂದಿಷ್ಟೂ ಸೇರುತ್ತಿರಲಿಲ್ಲ. "ಹಾಲ ಕೊಡೂದಿಲ್ಲ, ಹೊಲಾ ಕಾಯೂದಿಲ್ಲ. ಇವನ್ನ ಸಾಕಿ ಏನ ಮಾಡ್ತೀಯೋ?" ಎಂದು ಚುಚ್ಚುತ್ತಿದ್ದರು. ಇವರು ನಕ್ಕು ಸುಮ್ಮನಾಗುತ್ತಿದ್ದರು.

ಅವತ್ತು ಇವರು ಮಾಲು ತರಲು ಸೊಲ್ಲಾಪುರಕ್ಕೆ ಹೋಗಿದ್ದರು. ಬೆಳಿಗ್ಗೆಯೇ ನಮ್ಮ ಓಣಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟು ಹೋಯಿತು. ಮಧ್ಯಾಹ್ನದ ಹೊತ್ತಿಗೆ ಇನ್ವರ್ಟರ್ ಕೂಡ ಕೈ ಎತ್ತಿತು. ತೊಟ್ಟಿಯಲ್ಲಿ ಸೆಲ್ಲಿನ ಮೇಲೆ ನಡೆಯುವ ಪುಟ್ಟ ಯಂತ್ರವೊಂದು ಗುಳ್ಳೆ ಬಿಡುತ್ತಿದ್ದುದೇ ಪುಣ್ಯ. ಥರ್ಮಾಮೀಟರ್ ಇಪ್ಪತ್ತೆಂಟು ದಾಟಿ ಇಪ್ಪತ್ತೊಂಬತ್ತಕ್ಕೆ ಬಂತು. ಅರಳಿಕೊಂಡಿದ್ದ ಹವಳ ಮುದುಡತೊಡಗಿತು. ಇವರು ವರ್ಷಗಟ್ಟಲೆ ಮಕ್ಕಳಂತೆ ಬೆಳೆಸಿದ ಜೀವಗಳು ನನ್ನ ಕಣ್ಣೆದುರೇ ಹೋದರೆ ಏನೆಂದು ಮುಖ ತೋರಿಸಲಿ?

ಇವರಿಗೆ ಫೋನ್ ಮಾಡುತ್ತಾ ತಿರುಗಿ ನೋಡುತ್ತೇನೆ, ಅತ್ತೆ ಮಣ್ಣಿನ ಹರವಿಯ ತಣ್ಣೀರನ್ನು ತಂಬಿಗೆಯಲ್ಲಿ ತಂದು ತೊಟ್ಟಿಗೆ ಸುರಿಯುತ್ತಿದ್ದಾರೆ!

"ಬ್ಯಾಡ್ರೀ ಅತ್ತಿ!" ಎಂದು ಚೀರಿದೆ.

ಅವರು ಬೆಚ್ಚಿ ಕೈ ಹಿಂದೆಗೆದರು. "ಜೀವ ಬಾಯಾರ್ಯಾವಬೇ. ಬ್ಯಾಸಗ್ಯಾಗ ಕಾಗಿಗೂ ನೀರ ಇಡ್ತೀವಿ. ಇವು ಉಪ್ಪನೀರ ಕುಡದ ಹೆಂಗ ಇರಬೇಕು?"

ಪುಣ್ಯಕ್ಕೆ ಬಿದ್ದದ್ದು ಅರ್ಧ ತಂಬಿಗೆ ಮಾತ್ರ. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡ ಇವರು, "ಅವ್ವಗ ಏನೂ ಅನಬ್ಯಾಡ. ತಣ್ಣೀರ ಹಾಕಬ್ಯಾಡ್ರಿ, ಉಪ್ಪಿನ ಹದಾ ಕೆಡ್ತೈತಿ. ಮುಚ್ಚಳ ತಗದು ನೀರಿನ ಮ್ಯಾಲ ಗಾಳಿ ಹಾಕ್ರಿ. ನಮ್ಮೂರ ಗಾಳಿ ಒಣಾ ಐತಿ, ನೀರ ಆರಿದಂಗ ತಾನ ತಂಪಾಕ್ಕೈತಿ. ಹರವಿ ತಂಪ ಆಗೂದಿಲ್ಲೇನು, ಹಂಗ" ಎಂದರು. ಧೈರ್ಯ ಹೇಳುತ್ತಿದ್ದರೂ ಅವರ ದನಿ ನಡುಗುತ್ತಿತ್ತು.

ಸ್ಪೀಕರಿನಲ್ಲಿ ಅತ್ತೆಗೂ ಆ ನಡುಕ ಕೇಳಿಸಿತೋ ಏನೋ. ಒಳಗೆ ಹೋಗಿ ಬೀಸಣಿಕೆ ತಂದರು, ಸ್ಟೂಲು ಎಳೆದುಕೊಂಡು ತೊಟ್ಟಿಯ ಪಕ್ಕ ಕುಳಿತರು. ನಮ್ಮ ಕಡೆ ಬೀಗರು ಉಣ್ಣಲು ಕುಳಿತಾಗ ಮನೆಯ ಹಿರಿಯಳು ಪಕ್ಕದಲ್ಲಿ ಕುಳಿತು ಗಾಳಿ ಹಾಕುತ್ತಾಳಲ್ಲ, ಥೇಟ್ ಹಾಗೆಯೇ ಬೀಸತೊಡಗಿದರು.

"ಸಿಟ್ಟ ಮಾಡ್ಕೋಬ್ಯಾಡ್ರಿ ಅತ್ತಿ, ಹೆದರಿ ಚೀರಿದೆ" ಎಂದೆ.

"ಜೀವ ಉಳಸಾಕ ಚೀರಿದ್ರ ಅದಕ್ಕ ಸಿಟ್ಟ ಅಂತಾರೇನವ್ವಾ? ನೀ ಆ ಕಡಿಂದ ಬೀಸು."

ನಾನು ಮೊರ ಹಿಡಿದು ನಿಂತೆ. ನಮ್ಮ ಚೀರಾಟ ಕೇಳಿ ಪಕ್ಕದ ಮನೆಯ ಕಾಶಿಬಾಯಿ ಓಡಿಬಂದರು. "ಏನ ನಡಿಸೀರಿ?" ಎಂದರೆ ಅತ್ತೆ ಗಂಭೀರವಾಗಿ, "ಬೀಗರು ಸಮುದ್ರದಿಂದ ಬಂದಾರ. ಗಾಳಿ ಹಾಕದಿದ್ರ ಹೆಂಗ?" ಎಂದರು. ಕಾಶಿಬಾಯಿ ನಕ್ಕೂ ನಕ್ಕು ಸೆರಗು ಬಿಗಿದು ನನ್ನ ಕೈಯಿಂದ ಮೊರ ಕಸಿದುಕೊಂಡರು. ಸುಮ್ಮನೆ ಬೀಸುವುದು ಬೇಜಾರೆಂದು ಬೀಗರನ್ನು ಅಣಕಿಸುವ ಹಾಡು ಬೇರೆ ಶುರುವಾಯಿತು. ಉಪ್ಪು ಸಾಲದೆಂದು ಮುನಿಯುವ ಬೀಗರ ಹಾಡಿಗೆ ನನಗೆ ಅಂಥ ಸಂಕಟದಲ್ಲೂ ನಗು ತಡೆಯಲಾಗಲಿಲ್ಲ. ನಾವು ಮೂವರೂ ಸರದಿಯ ಮೇಲೆ ಬೀಸಿದೆವು. ಇಪ್ಪತ್ತೊಂಬತ್ತರಲ್ಲೇ ನಿಂತ ಅಂಕಿ ಸಂಜೆಯ ಹೊತ್ತಿಗೆ ನಿಧಾನವಾಗಿ ಇಳಿಯತೊಡಗಿತು. ಹವಳ ಮೆಲ್ಲಗೆ ಮತ್ತೆ ಅರಳತೊಡಗಿದಾಗ ನಾನು ಅತ್ತೆಯನ್ನು ತಬ್ಬಿಕೊಂಡುಬಿಟ್ಟೆ.

ದೀಪ ಹಚ್ಚುವ ಹೊತ್ತಿಗೆ ಕರೆಂಟು ಬಂತು. ಸ್ವಲ್ಪ ಹೊತ್ತಿಗೆ ಇವರೂ ಬಂದರು. ಮೊದಲು ತೊಟ್ಟಿಯ ಹತ್ತಿರ ಹೋಗಿ ಬಗ್ಗಿ ನೋಡಿ, ದೊಡ್ಡ ಉಸಿರು ಬಿಟ್ಟರು. ಆಮೇಲೆ ತಾಯಿಯ ಕೈ ಹಿಡಿದು ನೋಡಿದರು. ಬೀಸಣಿಕೆಯ ಹಿಡಿ ಒತ್ತಿ ಅಂಗೈ ಕೆಂಪಾಗಿ ಬೊಬ್ಬೆ ಎದ್ದಿತ್ತು.

ಅತ್ತೆ ಬೆಳಗಿನಿಂದ ಉಂಡಿರಲಿಲ್ಲ. ರೊಟ್ಟಿ, ಪಲ್ಯ ಬಡಿಸಿದೆ. ಅವರು ಮೊದಲ ತುತ್ತು ಮುರಿಯುತ್ತಿದ್ದಂತೆ ಇವರು ಬೀಸಣಿಕೆ ತೆಗೆದುಕೊಂಡು ತಾಯಿಯ ಪಕ್ಕ ಕುಳಿತು ಗಾಳಿ ಹಾಕತೊಡಗಿದರು.

"ಹುಚ್ಚಪ್ಪಾ, ಕರೆಂಟ ಬಂದೈತಿ. ಮ್ಯಾಲ ಫ್ಯಾನ ತಿರಗಾಕತ್ತೈತಿ ನೋಡು" ಎಂದರು ಅತ್ತೆ.

"ತಿರಗಲಿ ಬಿಡಬೇ. ನೀ ಉಣ್ಣು."

ಅತ್ತೆ ಉಂಡು ಕೈ ತೊಳೆಯುವವರೆಗೂ ಇವರು ಬೀಸುವುದನ್ನು ನಿಲ್ಲಿಸಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾಯಿತು, ಈ ಮನುಷ್ಯನ ಮೇಲೆ ನನಗೆ ಅವತ್ತಿನಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ.